ರೆಕ್ಕೆ ಇರುವ ಹೆಂಗಸು ಯಾರನ್ನೋ ಎಳೆದುಕೊಂಡು ಹೋಗುವ ಸಣ್ಣ ಕಂಚಿನ ನಾಣ್ಯ, ಇದು ರೋಮನ್ನಾ?

ಬದಿಯಡ್ಕ_ಬಯಲು

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವನು, ಬದಿಯಡ್ಕದ ಹತ್ತಿರ ಮನೆ. ನಮ್ಮ ಸೋದರಮಾವ ಹಿಂದೆ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಅವರ ನಾಣ್ಯದ ಡಬ್ಬಿ ನನಗೆ ಕೊಟ್ಟರು. ಹೆಚ್ಚಿನವು ಸಿಂಗಾಪುರ, ಈಜಿಪ್ಟ್, ಕುವೈತ್ ಕಡೆಯ ಈಗಿನ ಕಾಲದ ಚಿಲ್ಲರೆ. ಎರಡು ಮಾತ್ರ ಬೇರೆ ಥರ ಇವೆ. ಬೈರೂತಿನಲ್ಲಿ ಹಡಗು ನಿಂತಾಗ ರಸ್ತೆ ಬದಿಯಲ್ಲಿ ಮಾರುವವನ ಹತ್ತಿರ ತೆಗೆದುಕೊಂಡದ್ದು ಅಂತ ಅತ್ತೆ ಹೇಳುತ್ತಾರೆ. ಈಗ ಒಂದರ ಬಗ್ಗೆ ಕೇಳುತ್ತೇನೆ.

ಅಂಗಿಯ ಗುಂಡಿಯಷ್ಟು ದೊಡ್ಡದು. ಚಿನ್ನದ ಅಂಗಡಿಯಲ್ಲಿ ತೂಗಿಸಿದೆ, 1.1 ಗ್ರಾಂ ಬಂತು. ಅಡ್ಡಳತೆ 13 ಮಿಲಿಮೀಟರ್. ಕಪ್ಪಿಗೆ ತಿರುಗಿದ ಹಸಿರು ಬಣ್ಣ. ಪೂರ್ತಿ ಉರುಟಾಗಿಲ್ಲ, ಅಂಚಿನಲ್ಲಿ ಒಂದು ಕಡೆ ಸಣ್ಣ ಸೀಳು ಇದೆ. ಒಂದು ಬದಿಯಲ್ಲಿ ಬಲಕ್ಕೆ ತಿರುಗಿದ ಗಂಡಸಿನ ಮುಖ, ತಲೆಗೆ ಮಣಿ ಪೋಣಿಸಿದಂಥ ಪಟ್ಟಿ, ಅದರ ತುದಿಗಳು ಕುತ್ತಿಗೆಯ ಹಿಂದೆ ಇಳಿಬಿದ್ದಿವೆ. ಇನ್ನೊಂದು ಬದಿಯಲ್ಲಿ ರೆಕ್ಕೆ ಇರುವ ಹೆಂಗಸು ಎಡಕ್ಕೆ ನಡೆಯುತ್ತಿದ್ದಾಳೆ. ಹೆಗಲ ಮೇಲೆ ಏನೋ ಮೂಟೆಯ ಹಾಗೆ ಹೊತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಒಂದು ಮಗುವನ್ನು ಎಳೆದುಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ. ಅವಳ ಮುಂದೆ ಶಿಲುಬೆಯಂಥ ಗುರುತು, ಅದರ ಮೇಲಿನ ತುದಿ ಸ್ವಲ್ಪ ಬಾಗಿದೆ. ಸುತ್ತ ಇಂಗ್ಲಿಷ್ ಅಕ್ಷರಗಳು, ಓದಲಿಕ್ಕೆ ಸಿಗುವುದು ಶುರುವಿನ ಎಸ್, ಎ, ಎಲ್, ವಿ ಅಷ್ಟೇ.

ಇದು ಯಾರು, ಎಷ್ಟು ಹಳೆಯದು? ಅಮ್ಮ ಹುಣಸೆಹುಳಿ ಹಾಕಿ ತಿಕ್ಕಿದರೆ ಅಕ್ಷರ ಎಲ್ಲ ಎದ್ದು ಕಾಣುತ್ತದೆ ಅನ್ನುತ್ತಿದ್ದಾರೆ, ದೇವರ ದೀಪ ತಿಕ್ಕುವ ಹಾಗೆ. ತಿಕ್ಕಬಹುದಾ?

ಉಪ್ಪಳ_ಗೇಟ್

ರೆಕ್ಕೆ ಮತ್ತು ಶಿಲುಬೆ ಎರಡೂ ಇದ್ದರೆ ಏಂಜೆಲ್ ಅಲ್ವಾ ಅಣ್ಣ? ಯಾವುದಾದರೂ ಚರ್ಚಿನ ಪದಕ ಇರಬೇಕು. ಬೈರೂತಿನಲ್ಲಿ ಕ್ರೈಸ್ತರು ತುಂಬಾ ಇದ್ದಾರೆ.

ಪೆರ್ಲ_ಟೀಚರ್

ಮೊದಲು ಹುಣಸೆಹುಳಿ ದೂರ ಇಡಿ. ಉಳಿದದ್ದೆಲ್ಲ ಆಮೇಲೆ.

ಆ ಹಸಿರು ಕಪ್ಪು ಪದರ ಕೊಳೆ ಅಲ್ಲ ತಮ್ಮ. ಅದು ಕಂಚು ಮಣ್ಣಿನಲ್ಲಿ ನೂರಾರು ವರ್ಷ ಇದ್ದು ತಾನೇ ಬೆಳೆಸಿಕೊಂಡ ಚರ್ಮ, ಪಾಟಿನಾ ಅನ್ನುತ್ತಾರೆ. ಇಷ್ಟು ಸಣ್ಣ ನಾಣ್ಯದಲ್ಲಿ ಎಷ್ಟೋ ಸಲ ಮುಖ, ಅಕ್ಷರ ಎಲ್ಲ ಉಳಿದಿರುವುದು ಆ ಪದರದಲ್ಲೇ. ಹುಳಿ ಬಿದ್ದರೆ ಅದು ಕರಗಿಹೋಗುತ್ತದೆ, ಕೆಳಗೆ ಗುಳಿ ಬಿದ್ದ ಕೆಂಪು ಲೋಹ ಮಾತ್ರ ಉಳಿಯುತ್ತದೆ. ನಿಂಬೆ, ಬಿಂಬುಳಿ, ವಿನೆಗರ್, ಹಿತ್ತಾಳೆ ಹೊಳಪಿನ ಪುಡಿ ಯಾವುದೂ ಬೇಡ. ದೀಪ ಪ್ರತಿ ವಾರ ತಿಕ್ಕಿ ಬಳಸಲಿಕ್ಕೆ ಮಾಡಿದ್ದು, ಇದು ಹಾಗಲ್ಲ ಅಂತ ಅಮ್ಮನಿಗೆ ಸಮಾಧಾನವಾಗಿ ಹೇಳಿ.

ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ. ಬ್ಯಾಟರಿಗೆ ಹಾಕಲಿಕ್ಕೆ ಪೆಟ್ರೋಲ್ ಬಂಕಿನಲ್ಲಿ ಮಾರುತ್ತಾರಲ್ಲ, ಅದೇ. ಬಾವಿ ನೀರು ಬೇಡ. ದಿನಾ ನೀರು ಬದಲಿಸಿ, ಮಣ್ಣು ಮೆತ್ತಗಾದ ಮೇಲೆ ಹಲ್ಲುಕಡ್ಡಿಯ ತುದಿಯಿಂದ, ಲೆನ್ಸಿನ ಅಡಿಯಲ್ಲಿ ನೋಡುತ್ತಾ, ಮಣ್ಣನ್ನು ಮಾತ್ರ ಎಬ್ಬಿಸಿ. ಸೂಜಿ ಮುಟ್ಟಿಸಬೇಡಿ.

ನಮ್ಮ ಊರಿನ ದೊಡ್ಡ ತೊಂದರೆ ಗಾಳಿ. ಸಮುದ್ರದ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಗೋಡೆ. ಕಂಚಿನೊಳಗೆ ಕ್ಲೋರೈಡ್ ಸೇರಿಕೊಂಡಿದ್ದರೆ ತೇವ ಸಿಕ್ಕಿದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ, ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಇದಕ್ಕೆ ಕಂಚಿನ ರೋಗ ಅಂತಲೇ ಹೆಸರು. ಗುರುತು ಹಿಡಿಯುವುದು ಹೀಗೆ: ಗಟ್ಟಿಯಾದ ಕಡು ಹಸಿರು ಇದ್ದರೆ ಭಯ ಇಲ್ಲ, ತಿಳಿ ಹಸಿರು ಪುಡಿಯಾಗಿ ಕಡ್ಡಿ ಮುಟ್ಟಿದರೆ ಉದುರಿದರೆ ಅದು ರೋಗ. ಅಂಥದ್ದು ಕಂಡರೆ ಬೇರೆ ನಾಣ್ಯಗಳಿಂದ ದೂರ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಸಾಕು, ಪೊಟ್ಟಣ ಆಗಾಗ ಬದಲಿಸಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರು ಮಾತ್ರ ಬೇಡವೇ ಬೇಡ. ಅದು ಕಾಲಕ್ರಮೇಣ ಬಿಡುವ ಅಂಟು ಕಂಚಿಗೆ ವಿಷ.

ಉಪ್ಪಳ ತಮ್ಮಾ, ಚರ್ಚಿನ ಪದಕ ಅಲ್ಲ ಇದು. ಆದರೆ ನೀವು ಹೇಳಿದ ಏಂಜೆಲ್ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ವಿಷಯ ಇದೆ.

ತಾಳವಾಡಿ_ಚಿಲ್ಲರೆ

ಇದು ರೋಮನ್ನೇ. ನಾನು ತಾಳವಾಡಿಯವನು, ಕೆಲಸ ಕೊಯಮತ್ತೂರಿನಲ್ಲಿ, ಈ ಸಣ್ಣ ಕಂಚಿನ ನಾಣ್ಯಗಳ ಹಿಂದೆ ಬಿದ್ದು ಬಹಳ ಕಾಲವಾಯಿತು. ಚಿನ್ನ ಬೆಳ್ಳಿಯ ನಾಣ್ಯಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಸಂತೆಯಲ್ಲಿ ಓಡಾಡಿದ ಇವನ್ನು ಕೇಳುವವರು ಕಡಿಮೆ. ನೀವು ಕೇಳಿದ್ದು ಖುಷಿಯಾಯಿತು.

ಎಸ್, ಎ, ಎಲ್, ವಿ ಅಂದರೆ ಪೂರ್ತಿ ಸಾಲು ‘ಸಾಲುಸ್ ರೇಯಿಪುಬ್ಲಿಕೇ’, ರಾಜ್ಯದ ಕ್ಷೇಮ. ರೆಕ್ಕೆ ಇರುವವಳು ವಿಕ್ಟೋರಿಯಾ, ಗೆಲುವಿನ ದೇವತೆ. ಗ್ರೀಕರಲ್ಲಿ ಇವಳೇ ನೈಕಿ. ಹೆಗಲ ಮೇಲೆ ಇರುವುದು ಟ್ರೋಫಿ. ಸೋತವನ ಕವಚ, ಶಿರಸ್ತ್ರಾಣ, ಗುರಾಣಿಯನ್ನು ಒಂದು ಕಂಬಕ್ಕೆ ಸಿಕ್ಕಿಸಿ ನಿಲ್ಲಿಸುತ್ತಿದ್ದರು, ಅದನ್ನು ಹೊತ್ತುಕೊಂಡು ಹೋಗುತ್ತಿದ್ದಾಳೆ. ಮಗುವಿನ ಹಾಗೆ ಕಾಣುವುದು ಸೆರೆಯಾಳು, ದೊಡ್ಡ ಗಂಡಸೇ. ರೋಮನ್ ಕೆತ್ತನೆಯಲ್ಲಿ ಸೋತವನನ್ನು ಬೇಕೆಂದೇ ಸಣ್ಣದಾಗಿ ಬಿಡಿಸುತ್ತಾರೆ.

ಈ ಮಾದರಿ ಕ್ರಿ.ಶ. 388ರ ಸುಮಾರಿಗೆ ಶುರುವಾಯಿತು, ಮುಂದಿನ ಕೆಲವು ವರ್ಷ ಸಾಮ್ರಾಜ್ಯದ ಬಹಳಷ್ಟು ಟಂಕಸಾಲೆಗಳಲ್ಲಿ ಹೊಡೆದರು. ಚಕ್ರವರ್ತಿಯ ಹೆಸರು ನಾಲ್ಕರಲ್ಲಿ ಒಂದು ಇರಬೇಕು: ಎರಡನೇ ವ್ಯಾಲೆಂಟಿನಿಯನ್, ಥಿಯೊಡೋಸಿಯಸ್, ಅವನ ಮಕ್ಕಳು ಅರ್ಕಾಡಿಯಸ್ ಮತ್ತು ಹೊನೋರಿಯಸ್. ನಾಲ್ವರ ಮುಖವೂ ಒಂದೇ ಥರ, ಅಚ್ಚು ಕೆತ್ತುವವರು ಈ ಹೊತ್ತಿಗೆ ಮುಖದ ಗುರುತು ತೋರಿಸುವುದನ್ನೇ ಬಿಟ್ಟಿದ್ದರು. ಹಾಗಾಗಿ ಮುಖ ನೋಡಿ ಪ್ರಯೋಜನ ಇಲ್ಲ, ಅಕ್ಷರ ನೋಡಬೇಕು. ಹೆಸರಿಗೆ ಮೊದಲು ಡಿ, ಎನ್ ಇರುತ್ತದೆ, ಹೆಸರಾದ ಮೇಲೆ ಪಿ, ಎಫ್, ಎ, ವಿ, ಜಿ. ನಿಮಗೆ ಬೇಕಾದದ್ದು ಆ ಪಿ ಅಕ್ಷರಕ್ಕೆ ಸ್ವಲ್ಪ ಮೊದಲು ಏನಿದೆ ಅನ್ನುವುದು.

ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ನಾಣ್ಯದ ಪಕ್ಕದಲ್ಲಿ ಅಡ್ಡಕ್ಕೆ ಹಿಡಿದು ನಿಧಾನಕ್ಕೆ ಸುತ್ತ ತಿರುಗಿಸಿ. ನೇರ ಬೆಳಕಿಗೆ ಕಾಣದ ಅಕ್ಷರ ಅಡ್ಡ ಬೆಳಕಿಗೆ ನೆರಳು ಬಿಟ್ಟು ಎದ್ದು ನಿಲ್ಲುತ್ತದೆ. ಅವಳ ಕಾಲಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ, ಅದನ್ನೂ ನೋಡಿ.

ಅಂಚಿನ ಸೀಳಿಗೆ ಬೇಸರ ಮಾಡಬೇಡಿ. ಅಚ್ಚಿನ ಮಧ್ಯೆ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಲೋಹ ಹರಡಿ ಹೀಗೆ ಸೀಳುತ್ತದೆ. ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳ್ಳೆಗಳು ಇರುತ್ತಿದ್ದವು. ಇಷ್ಟು ಸಣ್ಣದನ್ನು ನಕಲು ಮಾಡಿ ಯಾರಿಗೂ ಹೊಟ್ಟೆ ತುಂಬುವುದಿಲ್ಲ, ಅದೂ ಒಂದು ಸಮಾಧಾನ.

ಬದಿಯಡ್ಕ_ಬಯಲು

ಟೀಚರೇ, ಅಮ್ಮ ಒಪ್ಪಿದರು. ಡಿಸ್ಟಿಲ್ಡ್ ನೀರು ತಂದು ಇಟ್ಟಿದ್ದೇನೆ.

ತಾಳವಾಡಿ ಅಣ್ಣ, ಟಾರ್ಚ್ ಹಿಡಿದದ್ದೇ ಹಿಡಿದದ್ದು, ಮನೆಯವರೆಲ್ಲ ಬಂದು ನೋಡಿದರು. ಪಿ ಅಕ್ಷರಕ್ಕೆ ಮೊದಲು ಎ, ಡಿ, ಐ, ವಿ, ಎಸ್ ಸರಿಯಾಗಿ ಕಾಣುತ್ತದೆ. ಕಾಲಡಿಯ ಗೆರೆಯ ಕೆಳಗೆ ಎ, ಎನ್, ಟಿ. ಆಮೇಲೆ ಇನ್ನೊಂದು ಅಕ್ಷರ ಇರುವ ಹಾಗಿದೆ, ಸವೆದುಹೋಗಿದೆ.

ಒಂದು ಪ್ರಶ್ನೆ. ಇದು ಯಾವ ಯುದ್ಧದ ಗೆಲುವು? ಎಳೆದುಕೊಂಡು ಹೋಗುತ್ತಿರುವುದು ಯಾರನ್ನು? ಯುದ್ಧದ ಹೆಸರು ಸಿಕ್ಕಿದರೆ ವರ್ಷವೂ ಸಿಗುತ್ತದಲ್ಲ.

ತಾಳವಾಡಿ_ಚಿಲ್ಲರೆ

ಹಾಗಾದರೆ ಅರ್ಕಾಡಿಯಸ್. ಆಂಟಿಯೋಕ್ ಟಂಕಸಾಲೆ, ಈಗಿನ ಟರ್ಕಿಯ ಅಂತಾಕ್ಯ, ಬೈರೂತಿಗೆ ಅಷ್ಟೇನೂ ದೂರ ಅಲ್ಲ. ಸವೆದ ಅಕ್ಷರ ಟಂಕಸಾಲೆಯೊಳಗಿನ ವಿಭಾಗದ ಸಂಖ್ಯೆ, ಪೂರ್ವದ ಟಂಕಸಾಲೆಗಳಲ್ಲಿ ಅದನ್ನು ಗ್ರೀಕ್ ಅಕ್ಷರದಲ್ಲಿ ಹಾಕುತ್ತಿದ್ದರು. ತಲೆಕೆಳಗಾದ ಎಲ್ ಥರ ಇದ್ದರೆ ಗಾಮಾ, ಮೂರನೇ ವಿಭಾಗ. ತ್ರಿಕೋನ ಇದ್ದರೆ ಡೆಲ್ಟಾ, ನಾಲ್ಕನೆಯದು.

ಅರ್ಕಾಡಿಯಸ್ 383ರಲ್ಲಿ ಅಗಸ್ಟಸ್, ಅಂದರೆ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಚಿಕ್ಕ ಹುಡುಗ. ನಿಮ್ಮ ನಾಣ್ಯ ಹೊಡೆದಾಗಲೂ ರಾಜ್ಯ ನಡೆಸುತ್ತಿದ್ದದ್ದು ಅಪ್ಪ ಥಿಯೊಡೋಸಿಯಸ್. ಅವನು ತೀರಿಕೊಂಡದ್ದು 395ರಲ್ಲಿ.

ಈಗ ನಿಮ್ಮ ಪ್ರಶ್ನೆ. ಯಾವ ಯುದ್ಧ ಅಂತ ಹುಡುಕಬೇಡಿ, ಸಿಗುವುದಿಲ್ಲ. ಈ ನಾಣ್ಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಈ ವಿಷಯ.

ಮೊದಲ ಶತಮಾನದಲ್ಲಿ ಹಾಗಿರಲಿಲ್ಲ. ಚಕ್ರವರ್ತಿ ವೆಸ್ಪೇಸಿಯನ್ 71ರಲ್ಲಿ ಹೊಡೆಸಿದ ದೊಡ್ಡ ಹಿತ್ತಾಳೆ ನಾಣ್ಯ ಸೆಸ್ಟರ್ಷಿಯಸ್ ನೋಡಿ, ಸುಮಾರು 25 ಗ್ರಾಂ ತೂಕ, ಅಂಗೈ ತುಂಬುತ್ತದೆ. ಖರ್ಜೂರದ ಮರದ ಕೆಳಗೆ ಒಬ್ಬ ಹೆಂಗಸು ತಲೆಗೆ ಕೈಕೊಟ್ಟು ಕೂತಿದ್ದಾಳೆ, ಯೂದಾಯ, ಅಂದರೆ ಯೆಹೂದಿಗಳ ನಾಡು, ಸೋತಿತು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಯಾವ ನಾಡು, ಯಾವ ಯುದ್ಧ, ಎಲ್ಲ ಗೊತ್ತಾಗುತ್ತದೆ. ಕೆಲವದರಲ್ಲಿ ವಿಕ್ಟೋರಿಯಾ ಒಂದು ಕಾಲನ್ನು ಎತ್ತಿ ಇಟ್ಟು ಗುರಾಣಿಯ ಮೇಲೆ ಬರೆಯುತ್ತಾ ನಿಂತಿದ್ದಾಳೆ. ರೋಮಿನಲ್ಲಿ ಚಕ್ರವರ್ತಿ ಟ್ರೇಜನ್ನನ ಕಂಬದಲ್ಲೂ ಅವನ ಎರಡು ಡೇಸಿಯಾ (ಈಗಿನ ರೊಮೇನಿಯಾ ಕಡೆ) ಯುದ್ಧಗಳ ಮಧ್ಯೆ ಇವಳೇ ಹೀಗೆ ಬರೆಯುತ್ತಾ ನಿಂತಿದ್ದಾಳೆ. 323-324ರಲ್ಲಿ ಕಾನ್‌ಸ್ಟಂಟೈನ್ ಹೊಡೆಸಿದ ಸಾರ್ಮಾಟಿಯಾ ಗೆದ್ದ ಕಂಚಿನ ನಾಣ್ಯದಲ್ಲಿ ಕೂಡ ಶತ್ರುವಿನ ಹೆಸರಿದೆ.

ಆಮೇಲೆ ಹೆಸರು ಬಿದ್ದುಹೋಗುತ್ತಾ ಬಂತು. 364ರಿಂದ 378ರವರೆಗೆ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಆಳಿದ ವ್ಯಾಲೆನ್ಸ್‌ನ ಕಂಚಿನ ನಾಣ್ಯಗಳಲ್ಲಿ ತುಂಬಾ ಸಿಗುವ ಒಂದು ಮಾದರಿಯಲ್ಲಿ ವಿಕ್ಟೋರಿಯಾ ಒಂದು ಕೈಯಲ್ಲಿ ಎಲೆಗಳ ಹಾರ, ಇನ್ನೊಂದರಲ್ಲಿ ಖರ್ಜೂರದ ಗರಿ ಹಿಡಿದು ನಡೆಯುತ್ತಾಳೆ. ಸುತ್ತ ಬರೆದದ್ದು ‘ಸೆಕ್ಯೂರಿಟಾಸ್ ರೇಯಿಪುಬ್ಲಿಕೇ’, ರಾಜ್ಯ ಭದ್ರವಾಗಿದೆ ಅಂತ. 378ರ ಆಗಸ್ಟ್ 9ಕ್ಕೆ ಹೇಡ್ರಿಯನೋಪಲ್‌ನಲ್ಲಿ, ಅಂದರೆ ಈಗಿನ ಟರ್ಕಿಯ ಎಡಿರ್ನೆಯಲ್ಲಿ, ಉತ್ತರದ ಗಡಿಯಾಚೆಯಿಂದ ಬಂದ ಗೋಥರು ಅನ್ನುವ ಜನರ ಕೈಯಲ್ಲಿ ಅವನ ಸೈನ್ಯ ನುಚ್ಚುನೂರಾಯಿತು. ಮೂರರಲ್ಲಿ ಒಂದು ಪಾಲು ಕೂಡ ಸರಿಯಾಗಿ ಉಳಿಯಲಿಲ್ಲ ಅಂತ ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ವ್ಯಾಲೆನ್ಸ್ ಅಲ್ಲೇ ಸತ್ತ, ಹೆಣ ಕೂಡ ಸಿಗಲಿಲ್ಲ. ಜನರ ಚೀಲದಲ್ಲಿ ಆ ಹೊತ್ತಿಗೂ ಅದೇ ಭದ್ರತೆಯ ನಾಣ್ಯ, ಅದೇ ಹಾರ ಹಿಡಿದ ವಿಕ್ಟೋರಿಯಾ.

ಆ ಸೋಲಿನ ಮೇಲೆ ಪೂರ್ವಕ್ಕೆ ಬಂದವನೇ ಥಿಯೊಡೋಸಿಯಸ್. ಅವನಿಗೆ ಗೋಥರನ್ನು ಓಡಿಸಲಿಕ್ಕಾಗಲಿಲ್ಲ. 382ರಲ್ಲಿ ಒಪ್ಪಂದ ಮಾಡಿಕೊಂಡು ಸಾಮ್ರಾಜ್ಯದೊಳಗೇ ಜಾಗ ಕೊಟ್ಟ, ಬದಲಿಗೆ ಅವರು ಅವನ ಪರವಾಗಿ ಹೋರಾಡಬೇಕು. 394ರಲ್ಲಿ ಫ್ರಿಗಿಡಸ್ ನದಿಯ ಹತ್ತಿರ ಅವನು ಯುಜೀನಿಯಸ್ ಅನ್ನುವ ಎದುರಾಳಿಯನ್ನು ಸೋಲಿಸಿದಾಗ ಮುಂದಿನ ಸಾಲಿನಲ್ಲಿ ನಿಂತು ಸಾವಿರಗಟ್ಟಲೆ ಸತ್ತವರು ಅದೇ ಗೋಥರು. ಆ ಸೈನ್ಯದಲ್ಲಿ ಅಲಾರಿಕ್ ಕೂಡ ಇದ್ದ, 410ರಲ್ಲಿ ರೋಮ್ ನಗರವನ್ನೇ ಕೊಳ್ಳೆ ಹೊಡೆದವನು.

ಈಗ ನಿಮ್ಮ ನಾಣ್ಯ ಮತ್ತೆ ಕೈಯಲ್ಲಿ ಹಿಡಿದು ನೋಡಿ. ಆ ವರ್ಷಗಳಲ್ಲಿ ಥಿಯೊಡೋಸಿಯಸ್ ಗೆದ್ದ ದೊಡ್ಡ ಯುದ್ಧ ಎರಡೂ ರೋಮನ್ನರ ಮೇಲೆಯೇ, 388ರಲ್ಲಿ ಪಶ್ಚಿಮದಲ್ಲಿ ಪಟ್ಟ ಕಿತ್ತುಕೊಂಡಿದ್ದ ಮ್ಯಾಗ್ನಸ್ ಮ್ಯಾಕ್ಸಿಮಸ್ ಮೇಲೆ, 394ರಲ್ಲಿ ಯುಜೀನಿಯಸ್ ಮೇಲೆ. ಹೊರಗಿನವರು ಅವನ ಸೈನ್ಯದಲ್ಲಿದ್ದರು. ಆದರೆ ನಾಣ್ಯದಲ್ಲಿ ವಿಕ್ಟೋರಿಯಾ ಎಳೆಯುತ್ತಿರುವುದು ಹೊರಗಿನವನನ್ನು. ಹೆಸರಿಲ್ಲದ, ಊರಿಲ್ಲದ ಒಬ್ಬ ಸೆರೆಯಾಳು. ಅಂಥವನನ್ನು ತೋರಿಸಿದರೆ ಯಾರಿಗೂ ನೋವಿಲ್ಲ, ರೋಮನ್ನನೇ ರೋಮನ್ನನನ್ನು ಕೊಂದ ಗೆಲುವನ್ನು ಹೇಗೆ ತೋರಿಸುತ್ತೀರಿ? ನನ್ನ ಮಟ್ಟಿಗೆ ಇದು ಸರ್ಕಾರ ತನ್ನ ಜನರಿಗೆ ಹೇಳಿದ ಸುಳ್ಳು, ಒಂದು ಗ್ರಾಂ ಕಂಚಿನಲ್ಲಿ.

ಪೆರ್ಲ_ಟೀಚರ್

ತಾಳವಾಡಿಯವರ ಇತಿಹಾಸ ಸರಿಯಾಗಿದೆ, ಒಂದು ಮಾತೂ ತೆಗೆಯುವ ಹಾಗಿಲ್ಲ. ಕೊನೆಯ ಸಾಲು ಮಾತ್ರ ಒಪ್ಪಲಿಕ್ಕೆ ಮನಸ್ಸಿಲ್ಲ. ಸುಳ್ಳು ಅಂತ ಒಂದೇ ಏಟಿಗೆ ಮುಗಿಸಿದರೆ ಆ ನಾಣ್ಯ ಹಿಡಿದವರನ್ನೆಲ್ಲ ದಡ್ಡರು ಅಂದ ಹಾಗಾಗುತ್ತದೆ.

ವಿಕ್ಟೋರಿಯಾ ಬರೀ ಚಿತ್ರ ಆಗಿರಲಿಲ್ಲ. ಅವಳಿಗೆ ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಕ್ರಿ.ಪೂ. 294ರಿಂದ ದೇವಸ್ಥಾನ ಇತ್ತು. ಕ್ರಿ.ಪೂ. 29ರಲ್ಲಿ, ಮುಂದೆ ಮೊದಲ ಚಕ್ರವರ್ತಿಯಾದ ಅಗಸ್ಟಸ್, ರೋಮಿನ ಹಿರಿಯರ ಸಭೆಯಾದ ಸೆನೆಟ್‌ನ ಭವನದೊಳಗೆ ಅವಳ ವಿಗ್ರಹವನ್ನೂ ಪೀಠವನ್ನೂ ಇಡಿಸಿದ. ಸೆನೆಟ್ ಸದಸ್ಯರು ಒಳಗೆ ಬರುವಾಗ ಅಲ್ಲಿ ಧೂಪ ಹಾಕಿ ಬರುತ್ತಿದ್ದರು. ನೀರೋ ಕಾಲದ ತಾಮ್ರದ ಆಸ್ ನಾಣ್ಯ ನೋಡಿದ್ದೀರಲ್ಲ, ಅದರಲ್ಲಿ ಅವಳು ಎರಡೂ ಕೈಯಲ್ಲಿ ಗುರಾಣಿ ಹಿಡಿದು ಹಾರುತ್ತಿದ್ದಾಳೆ, ಸೀರೆಯ ಸೆರಗಿನ ಹಾಗೆ ಬಟ್ಟೆ ಹಿಂದಕ್ಕೆ ಬೀಸುತ್ತದೆ, ಗುರಾಣಿಯ ಮೇಲೆ ಎಸ್, ಪಿ, ಕ್ಯೂ, ಆರ್. ಅಂದರೆ ಸೆನೆಟ್ ಮತ್ತು ರೋಮಿನ ಜನ. ಗೆಲುವು ರಾಜನೊಬ್ಬನದು ಅಂತ ಅಲ್ಲಿ ಬರೆದಿಲ್ಲ.

ಅವರಿಗೆ ಗೆಲುವು ಆಗಿಹೋದ ಸುದ್ದಿ ಮಾತ್ರ ಆಗಿರಲಿಲ್ಲ, ಬೇಡಿಕೊಳ್ಳುವ ವಿಷಯವೂ ಆಗಿತ್ತು. ಇಷ್ಟು ವರ್ಷ ಕಾಪಾಡಿದೆ, ಇನ್ನಿಷ್ಟು ವರ್ಷ ಕಾಪಾಡು ಅಂತ ಹರಕೆ ಬರೆದ ನಾಣ್ಯಗಳೂ ಅದೇ ಕಾಲದಲ್ಲಿ ರಾಶಿ ರಾಶಿ ಇವೆ, ‘ವೋಟ್’ ಅಂತ ಶುರುವಾಗುತ್ತವೆ, ಆಮೇಲೆ ರೋಮನ್ ಅಂಕಿ. ಹೇಡ್ರಿಯನೋಪಲ್ ಸೋಲಿನ ಸುದ್ದಿ ಕೇಳಿದ ಒಬ್ಬ ರೊಟ್ಟಿ ಮಾರುವವನು ಸಂಜೆ ಚಿಲ್ಲರೆ ಎಣಿಸುವಾಗ ಆ ಹಾರ ಹಿಡಿದವಳನ್ನು ನೋಡಿ ಸುಳ್ಳು ಅಂದುಕೊಂಡನೋ, ಕಾಪಾಡು ತಾಯಿ ಅಂದುಕೊಂಡನೋ? ಎರಡನೆಯದಕ್ಕೂ ಜಾಗ ಬಿಡಿ ಅಂತ ಮಾತ್ರ ನಾನು ಹೇಳುವುದು.

ಇನ್ನು ಶಿಲುಬೆಯ ವಿಷಯ, ಉಪ್ಪಳ ತಮ್ಮ ಕೇಳಿದ್ದು. ಮೇಲಿನ ತುದಿ ಬಾಗಿದ ಆ ಗುರುತು ಕ್ರಿಸ್ತನ ಗುರುತೇ, ಸ್ಟಾರೋಗ್ರಾಮ್ ಅನ್ನುತ್ತಾರೆ. ಥಿಯೊಡೋಸಿಯಸ್ ಕಟ್ಟಾ ಕ್ರೈಸ್ತ. 391, 392ರಲ್ಲಿ ಹಳೆಯ ದೇವರುಗಳಿಗೆ ಬಲಿ ಕೊಡುವುದನ್ನು, ಅವರ ಗುಡಿಗೆ ಹೋಗುವುದನ್ನು ನಿಲ್ಲಿಸಿ ಕಾನೂನು ಮಾಡಿದವನು. ಸೆನೆಟ್ ಭವನದಲ್ಲಿದ್ದ ವಿಕ್ಟೋರಿಯಾಳ ಪೀಠವನ್ನು 357ರಲ್ಲಿ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ಒಮ್ಮೆ ತೆಗೆಸಿದ್ದ, ಆಮೇಲೆ ಅದು ವಾಪಸ್ ಬಂತು, 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಮತ್ತೆ ತೆಗೆಸಿದ. 384ರಲ್ಲಿ ರೋಮಿನ ನಗರಾಧಿಕಾರಿ ಸಿಮ್ಮಾಕಸ್, ನಮ್ಮ ಹಿರಿಯರ ಪೀಠ ನಮಗೆ ವಾಪಸ್ ಕೊಡಿ ಅಂತ ಚಕ್ರವರ್ತಿಗೆ ಮನವಿ ಬರೆದ. ಮಿಲಾನಿನ ಬಿಷಪ್ ಆಂಬ್ರೋಸ್ ಜೋರಾಗಿ ವಿರೋಧಿಸಿದರು. ಪೀಠ ಬರಲಿಲ್ಲ.

ನಿಮ್ಮ ನಾಣ್ಯ ಹೊಡೆದದ್ದು ಇದಾಗಿ ಕೆಲವೇ ವರ್ಷಕ್ಕೆ. ಭವನದಿಂದ ಅವಳನ್ನು ಹೊರಗೆ ಹಾಕಿದವರೇ ನಾಣ್ಯದಲ್ಲಿ ಅವಳನ್ನು ಇಟ್ಟುಕೊಂಡರು, ಮುಂದೆ ಒಂದು ಶಿಲುಬೆ ನಿಲ್ಲಿಸಿ. ಬೇರೆ ದೇವತೆಗಳು ಹೆಚ್ಚು ಕಡಿಮೆ ಎಲ್ಲ ಆ ಹೊತ್ತಿಗೆ ನಾಣ್ಯದಿಂದ ಹೋಗಿ ಆಗಿತ್ತು. ಗೆಲುವು ಯಾವ ದೊರೆಗೂ ಬೇಕಲ್ವಾ, ಅವಳನ್ನು ಬಿಡಲಿಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಮುಂದೆ 518ರಿಂದ 527ರವರೆಗೆ ಆಳಿದ ಮೊದಲನೇ ಜಸ್ಟಿನ್ ಕಾಲದಲ್ಲಿ ಚಿನ್ನದ ನಾಣ್ಯದಲ್ಲಿ ಅವಳ ಜಾಗಕ್ಕೆ ಗಂಡು ದೇವದೂತ ಬಂದ, ನಮ್ಮ ಕಡೆಗೆ ಮುಖ ಮಾಡಿ, ಕೈಯಲ್ಲಿ ಉದ್ದದ ಶಿಲುಬೆ ಹಿಡಿದು. ರೆಕ್ಕೆ ಅದೇ, ಸುತ್ತ ಬರೆದ ಸಾಲೂ ಅದೇ ಹಳೆಯ ವಿಕ್ಟೋರಿಯಾ. ಹಾಗಾಗಿ ಉಪ್ಪಳ ತಮ್ಮ, ಅವಳನ್ನು ನೋಡಿ ಏಂಜೆಲ್ ನೆನಪಾದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಸೆರೆಯಾಳಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಅಂತಸ್ತಿನಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಆಕಾಶದ ಹೆಂಗಸರು ಬರುವುದು ಸತ್ತವನಿಗಾಗಿ, ಅವನು ಊರಿನ ದನ ಬಿಡಿಸಲಿಕ್ಕೆ ಹೋದ ಸಾಮಾನ್ಯ ಮನುಷ್ಯನೇ ಇರಬಹುದು. ರೋಮಿನ ನಾಣ್ಯದಲ್ಲಿ ಅವಳು ಬರುವುದು ಬದುಕಿ ಗೆದ್ದವನಿಗೆ, ಸೋತವನು ಕೂದಲು ಹಿಡಿದು ಎಳೆಸಿಕೊಳ್ಳುತ್ತಾನೆ. ನಾನು ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕ ತೋರಿಸುತ್ತೇನೆ. ಒಂಬತ್ತನೆಯ ಕ್ಲಾಸಿನವರು ತಾವೇ ಕಂಡುಹಿಡಿಯುತ್ತಾರೆ, ನಾನು ಹೇಳಬೇಕಾಗಿಲ್ಲ.

ಹೊಸೂರು_ಕೆರೆ

ಚರ್ಚೆ ಚೆನ್ನಾಗಿದೆ. ಇಂಥ ನಾಣ್ಯ ನಮ್ಮ ದೇಶಕ್ಕೂ ಬಂದಿತ್ತಾ? ರೋಮಿನವರು ಮೆಣಸಿಗೆ ಚಿನ್ನ ಸುರಿದರು ಅಂತ ಓದಿದ್ದೇವೆ, ಕಂಚಿನ ಚಿಲ್ಲರೆ ಯಾಕೆ ಬರುತ್ತದೆ? ಮತ್ತೆ ಇದಕ್ಕೆ ಬೆಲೆ ಎಷ್ಟು, ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ.

ತಾಳವಾಡಿ_ಚಿಲ್ಲರೆ

ಬಂದಿದೆ, ಅದೂ ನಮ್ಮ ಪಕ್ಕಕ್ಕೇ. ಕರೂರಿನ ಅಮರಾವತಿ ನದಿಯ ಮರಳಿನಲ್ಲಿ, ಮದುರೆಯಲ್ಲಿ ಇದೇ ಕಾಲದ ಸಣ್ಣ ಕಂಚಿನ ರೋಮನ್ ನಾಣ್ಯಗಳು ಸಿಕ್ಕಿವೆ, ಸಾಲುಸ್ ಮಾದರಿಯವೂ ಇವೆ. ಶ್ರೀಲಂಕಾದಲ್ಲಂತೂ ಸಾವಿರಗಟ್ಟಲೆ. ಅಲ್ಲಿ ಇವನ್ನು ನೋಡಿ ಅಲ್ಲಿಯವರೇ ನಕಲು ಹೊಡೆದದ್ದೂ ಇದೆ. ಅಕ್ಷರ ಗೊತ್ತಿಲ್ಲದವರು ಹೊಡೆದ ಕಾರಣ ಸುತ್ತಲೂ ಬರೀ ಗೆರೆಗಳು.

ಚಿನ್ನ ಬೆಳ್ಳಿಯ ಕಾಲ ಬೇರೆ. ಅವು ಹೆಚ್ಚಾಗಿ ಮೊದಲ ಎರಡು ಶತಮಾನದವು. ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹಳಷ್ಟಕ್ಕೆ ರಾಜನ ಮುಖದ ಮೇಲೆ ಉಳಿಯಿಂದ ಕಚ್ಚು ಹಾಕಿದ್ದಾರೆ. ಇಲ್ಲಿ ಅವು ನಾಣ್ಯವಾಗಿ ಅಲ್ಲ, ಲೋಹವಾಗಿ ನಡೆದವು ಅನ್ನಲಿಕ್ಕೆ ಅದೊಂದು ಸಾಕ್ಷಿ. ಭಾರತ, ಚೀನಾ, ಅರೇಬಿಯ ಸೇರಿ ವರ್ಷಕ್ಕೆ 10 ಕೋಟಿ ಸೆಸ್ಟರ್ಷಿಯಸ್ ನಮ್ಮಿಂದ ಹೀರುತ್ತವೆ ಅಂತ ರೋಮನ್ ಲೇಖಕ ಪ್ಲಿನಿ ಗೋಳಾಡಿದ್ದು ಆ ಕಾಲದ ಮಾತು. ನಾಲ್ಕು, ಐದನೇ ಶತಮಾನದ ಕಂಚಿಗೆ ಲೋಹದ ಬೆಲೆ ಏನೂ ಇಲ್ಲ. ಅದು ಇಷ್ಟೊಂದು ಬಂದಿದೆ ಅಂದರೆ ಇಲ್ಲಿಯ ಪೇಟೆಗಳಲ್ಲಿ ಚಿಲ್ಲರೆಯಾಗಿಯೇ ಓಡಾಡಿತು ಅಂತ ನಾನು ನಂಬುತ್ತೇನೆ. ಅಂಥ ಕಡೆ ಆ ರೆಕ್ಕೆಯವಳನ್ನು ನೋಡಿದವರಿಗೆ ರಾಜ್ಯದ ಕ್ಷೇಮವೂ ಗೊತ್ತಿಲ್ಲ, ಗೋಥರೂ ಗೊತ್ತಿಲ್ಲ, ಆದರೂ ಬದಲಿಗೆ ಉಪ್ಪೋ ಅಕ್ಕಿಯೋ ಕೊಟ್ಟಿದ್ದಾರೆ.

ಅವಳು ಭಾರತಕ್ಕೆ ಇನ್ನೂ ಮೊದಲೇ ಬಂದಿದ್ದಳು ಅನ್ನುವುದೂ ನಿಜ. ಕ್ರಿ.ಪೂ. ಎರಡನೇ ಶತಮಾನದ ಇಂಡೋ-ಗ್ರೀಕ್ ದೊರೆ ಮಿನಾಂಡರ್, ಅಂದರೆ ಬೌದ್ಧರ ಮಿಲಿಂದ, ಅವನ ಕಂಚಿನ ನಾಣ್ಯಗಳಲ್ಲಿ ನೈಕಿ ಹಾರ ಹಿಡಿದು ನಿಂತಿದ್ದಾಳೆ, ಸುತ್ತ ಖರೋಷ್ಠಿ ಲಿಪಿಯಲ್ಲಿ ಪ್ರಾಕೃತ. ಕುಷಾಣರ ಹುವಿಷ್ಕನ ಚಿನ್ನದ ನಾಣ್ಯಗಳಲ್ಲೂ ರೆಕ್ಕೆಯ ಗೆಲುವಿನ ದೇವತೆ ಇದ್ದಾಳೆ.

ಬೆಲೆ ಬಗ್ಗೆ: ಸಾಲುಸ್ ಮಾದರಿ ಜಗತ್ತಿನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ, ಹಣದ ಆಸೆ ಇಟ್ಟುಕೊಳ್ಳಬೇಡಿ. ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವವರು ಮೋಸಗಾರರು. ತನ್ನ ಹೆಸರು ಹೇಳಿ ಹೀಗೆ ಹಣ ಕೇಳುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಟೀಚರ್ ಮಾತಿಗೆ ಉತ್ತರ ಇನ್ನೊಂದು ದಿನ ಬರೆಯುತ್ತೇನೆ. ರೊಟ್ಟಿ ಮಾರುವವನು ಬೇಡಿಕೊಂಡಿರಲಿ, ಅಚ್ಚು ಕೆತ್ತಿಸಿದವನಿಗೆ ಸತ್ಯ ಗೊತ್ತಿತ್ತು, ಅದನ್ನು ನಾನು ಬಿಡುವುದಿಲ್ಲ.

ಪೆರ್ಲ_ಟೀಚರ್

ಅಚ್ಚು ಕೆತ್ತಿಸಿದವನ ವಿಷಯದಲ್ಲಿ ನಾವಿಬ್ಬರೂ ಒಂದೇ. ಬರೆಯಿರಿ, ಕಾಯುತ್ತೇನೆ.

ಹೊಸೂರಿನವರೇ, ಕಾನೂನು ಕೂಡ ತಿಳಿದಿರಲಿ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವ ಹಾಗಿಲ್ಲ. ಅಮರಾವತಿಯ ಮರಳಿನಲ್ಲೋ ತೋಟದ ಗುಂಡಿಯಲ್ಲೋ ಏನಾದರೂ ಸಿಕ್ಕಿದರೆ 1878ರ ನಿಧಿ ಕಾಯ್ದೆ ಇದೆ, ಕಲೆಕ್ಟರಿಗೆ ತಿಳಿಸಬೇಕು. ಮುಖ್ಯವಾಗಿ, ಸಿಕ್ಕಿದ ಜಾಗ ಯಾವುದು, ಜೊತೆಗೆ ಏನಿತ್ತು ಅಂತ ಬರೆದಿಡಿ. ಜಾಗ ಗೊತ್ತಿರುವ ಸವೆದ ನಾಣ್ಯದಿಂದ ಕಲಿಯುವಷ್ಟು ಜಾಗ ಗೊತ್ತಿಲ್ಲದ ಹೊಳೆಯುವ ನಾಣ್ಯದಿಂದ ಕಲಿಯಲಿಕ್ಕಾಗುವುದಿಲ್ಲ.

ಬದಿಯಡ್ಕ_ಬಯಲು

ಬೈರೂತ್ ಅಂತ ಮಾವನ ಹೆಸರಿನ ಜೊತೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿದೆ ಟೀಚರೇ.

ಎರಡನೆಯ ನಾಣ್ಯವೂ ಇದೇ ಥರದ್ದು ಅಂತ ಈಗ ಅನ್ನಿಸುತ್ತಿದೆ. ಇದಕ್ಕಿಂತ ಸ್ವಲ್ಪ ದೊಡ್ಡದು, 15 ಮಿಲಿಮೀಟರ್. ರೆಕ್ಕೆಯವರು ಇಬ್ಬರು ಎದುರು ಬದುರು ನಿಂತಿದ್ದಾರೆ. ಇಬ್ಬರ ಕೈಯೂ ಮುಂದಕ್ಕೆ ಚಾಚಿದೆ. ಅಕ್ಷರ ಒಂದೂ ಉಳಿದಿಲ್ಲ.

ತಾಳವಾಡಿ_ಚಿಲ್ಲರೆ

ಅಕ್ಷರ ಇಲ್ಲದಿದ್ದರೂ ತೊಂದರೆ ಇಲ್ಲ, ಇಬ್ಬರ ಮಧ್ಯೆ ಏನಿದೆ ಅಂತ ನೋಡಿದರೆ ಹೆಚ್ಚು ಕಡಿಮೆ ಗೊತ್ತಾಗುತ್ತದೆ.

ಇಬ್ಬರೂ ಸೇರಿ ಒಂದು ಗುರಾಣಿ ಹಿಡಿದಿದ್ದು, ಅದರ ಕೆಳಗೆ ಕಟ್ಟೆಯಂಥ ಪೀಠ ಇದ್ದರೆ ಕಾನ್‌ಸ್ಟಂಟೈನ್ ಕಾಲದ್ದು, 318ರಿಂದ 320ರ ಒಳಗೆ. ಗುರಾಣಿ ಇದ್ದು ಪೀಠ ಇಲ್ಲದಿದ್ದರೆ ಮ್ಯಾಗ್ನೆಂಟಿಯಸ್ ಅಥವಾ ಅವನ ಕಡೆಯವನದ್ದು, 350ರಿಂದ 353, ಆದರೆ ಅದು ಸಾಮಾನ್ಯವಾಗಿ 20 ಮಿಲಿಮೀಟರ್ ಹತ್ತಿರ ಇರುತ್ತದೆ, ನಿಮ್ಮದು ಸಣ್ಣದಾಯಿತು. ಗುರಾಣಿ ಇಲ್ಲದೆ ಇಬ್ಬರ ಕೈಯಲ್ಲೂ ಬೇರೆ ಬೇರೆ ಹಾರ ಇದ್ದರೆ 347-348ರದ್ದು. ಅಳತೆ ನೋಡಿದರೆ ನಿಮ್ಮದು ಇದೇ ಇರಬೇಕು.

ಇಬ್ಬರು ವಿಕ್ಟೋರಿಯಾ ಯಾಕೆಂದರೆ ಆಗ ಚಕ್ರವರ್ತಿಗಳೂ ಇಬ್ಬರು, ಅಣ್ಣ ಎರಡನೇ ಕಾನ್‌ಸ್ಟಾಂಟಿಯಸ್ ಪೂರ್ವಕ್ಕೆ, ತಮ್ಮ ಕಾನ್‌ಸ್ಟಾನ್ಸ್ ಪಶ್ಚಿಮಕ್ಕೆ. ಮೂರನೆಯವನೂ ಇದ್ದ, ಎಲ್ಲರಿಗಿಂತ ದೊಡ್ಡ ಅಣ್ಣ, ಎರಡನೇ ಕಾನ್‌ಸ್ಟಂಟೈನ್. ಅವನು 340ರಲ್ಲಿ ಕಾನ್‌ಸ್ಟಾನ್ಸ್ ಮೇಲೆ ಯುದ್ಧಕ್ಕೆ ಹೋಗಿ ಅಕ್ವಿಲೇಯಾದ ಹತ್ತಿರ ಸತ್ತ. ಉಳಿದಿಬ್ಬರ ಸೈನ್ಯಕ್ಕೂ ಸರಿಸಮ ಗೆಲುವು ಅಂತ ನಾಣ್ಯದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬಳು. ಈ ನಾಣ್ಯ ಹೊಡೆದು ಎರಡು ಮೂರು ವರ್ಷಕ್ಕೆ, 350ರಲ್ಲಿ, ಮೇಲೆ ಹೇಳಿದ ಮ್ಯಾಗ್ನೆಂಟಿಯಸ್ ಪಟ್ಟ ಕಿತ್ತುಕೊಂಡು ಕಾನ್‌ಸ್ಟಾನ್ಸ್‌ನನ್ನು ಕೊಲ್ಲಿಸಿದ. ಅವನೂ ಅದೇ ಇಬ್ಬರು ವಿಕ್ಟೋರಿಯಾರನ್ನು ನಾಣ್ಯಕ್ಕೆ ಹಾಕಿಸಿದ, ಕೈಗೆ ಗುರಾಣಿ ಕೊಟ್ಟು.

ಟಾರ್ಚ್ ಅಡ್ಡಕ್ಕೆ ಹಿಡಿದು ಇಬ್ಬರ ಕೈಗಳ ಜಾಗದ ಫೋಟೋ ಹಾಕಿ. ಅವರ ಮಧ್ಯೆ ಮೇಲ್ಭಾಗದಲ್ಲಿ ಖರ್ಜೂರದ ಗರಿಯೋ, ಎಲೆಯೋ, ಅಕ್ಷರವೋ ಏನಾದರೂ ಸಣ್ಣ ಗುರುತು ಇದ್ದರೆ ಅದನ್ನೂ ಹೇಳಿ, ಟಂಕಸಾಲೆ ಹುಡುಕಲಿಕ್ಕೆ ಅದು ಬೇಕಾಗುತ್ತದೆ.